ಸ್ಪ್ರಿಂಟ್ ಪವರ್ ನಾನು ಅಳೆಯುವ ಬಗೆ

ಸೈಕಲ್ ರೇಸ್ ಓಡಿಸುವ ಗೆಳೆಯರು ಸೇರಿದರೆ "ನಿನ್ನ ಪೀಕ್ ಎಷ್ಟು?" ಅನ್ನುವ ಮಾತು, ಅಂದರೆ ಸ್ಪ್ರಿಂಟ್‌ನಲ್ಲಿ ಅತಿ ಹೆಚ್ಚು ಎಷ್ಟು ವಾಟ್ ಪವರ್ ಬಂತು ಅನ್ನುವುದು, ಬಂದೇ ಬರುತ್ತದೆ. ಆ ವಾಟ್ ಯಾವ ಕೇಡೆನ್ಸ್‌ನಲ್ಲಿ (ನಿಮಿಷಕ್ಕೆ ಪೆಡಲ್ ಎಷ್ಟು ಸುತ್ತು) ಬಂತು ಅಂತ ಯಾರೂ ಕೇಳುವುದಿಲ್ಲ. ನನಗೆ ಬೇಕಾದದ್ದು ಅದೇ.

ಮೊದಲು ಪವರ್ ಮೀಟರನ್ನು (ತುಳಿತದ ಪವರ್ ಅಳೆಯುವ ಸಾಧನ) ನಂಬಬಹುದಾ ನೋಡುತ್ತೇನೆ. ಸೈಕಲ್ ಸ್ವಲ್ಪ ಹೊತ್ತು ಹೊರಗಿಟ್ಟು, ಅಲ್ಲಿನ ಹವೆಗೆ ಹೊಂದಿಕೊಂಡ ಮೇಲೆ ಮೀಟರನ್ನು ಝೀರೋ ಮಾಡುತ್ತೇನೆ, ಅಂದರೆ ಭಾರವಿಲ್ಲದಾಗ ಸೊನ್ನೆ ತೋರಿಸುವಂತೆ. ಆಗಾಗ ತೂಕ ಕಟ್ಟಿಯೂ ನೋಡುವುದುಂಟು. ಹಿಂದಿನ ಬ್ರೇಕ್ ಬಿಗಿಹಿಡಿದು, ಕ್ರ್ಯಾಂಕನ್ನು (ಪೆಡಲ್ ಕೂತ ತೋಳು) ನೆಲಕ್ಕೆ ಸಮವಾಗಿ ನಿಲ್ಲಿಸಿ, ಪೆಡಲ್‌ಗೆ 20 ಕೆಜಿಯ ಜಿಮ್ ಪ್ಲೇಟ್ ನೇತುಹಾಕುತ್ತೇನೆ. ಪ್ಲೇಟಿನ ಮೇಲೆ ಬರೆದ ತೂಕ ನಂಬಬೇಡಿ, ತಕ್ಕಡಿಗೆ ಹಾಕಿ ನೋಡಿ. ನನ್ನ ಕ್ರ್ಯಾಂಕ್ 170 ಮಿಮೀ. ಅಲ್ಲಿಗೆ ಮೀಟರಿನಲ್ಲಿ ಟಾರ್ಕ್ (ತಿರುಗಿಸುವ ಬಲ) 33.4 ನ್ಯೂಟನ್ ಮೀಟರ್ ಬರಬೇಕು. ಎಡಗಾಲಿನದ್ದು ಮಾತ್ರ ಅಳೆದು ದುಪ್ಪಟ್ಟು ಮಾಡುವ ಮೀಟರ್ ಈ ಕೆಲಸಕ್ಕೆ ಬೇಡ. ಜೋರಾಗಿ ತುಳಿಯುವಾಗ ಎರಡೂ ಕಾಲು ಒಂದೇ ಸಮ ಇರುತ್ತವೆ ಅಂತ ಹೇಳೋಕಾಗಲ್ಲ, ಅಲ್ವಾ?

ಲ್ಯಾಬ್‌ನಲ್ಲಿ ವಿಂಗೇಟ್ ಟೆಸ್ಟ್ ಅಂತ ಒಂದಿದೆ, 30 ಸೆಕೆಂಡ್ ಪೂರ್ತಿ ಇದ್ದ ಶಕ್ತಿಯೆಲ್ಲ ಹಾಕಿ ತುಳಿಯುವುದು. ಅದರಲ್ಲಿ ಸುಸ್ತಿನ ಲೆಕ್ಕವೂ ಸೇರಿಕೊಳ್ಳುತ್ತದೆ. ನನಗೆ ಆರು ಸೆಕೆಂಡ್ ಸಾಕು.

ಬೆಳಗ್ಗೆ ಗಾಡಿಗಳಿಲ್ಲದ, ಸಮತಟ್ಟಾದ ರಸ್ತೆ. ಚೆನ್ನಾಗಿ ಮೈ ಬಿಸಿ ಮಾಡಿಕೊಂಡು ಮೂರು ಸ್ಪ್ರಿಂಟ್: ಮುಂದಿನ ಗೇರ್ ಚಕ್ರದಲ್ಲಿ 53 ಹಲ್ಲು, ಹಿಂದಿನದರಲ್ಲಿ ಒಮ್ಮೆ 17, ಒಮ್ಮೆ 14, ಒಮ್ಮೆ 11. ನಡುವೆ ಕನಿಷ್ಠ ಐದು ನಿಮಿಷ ಸುಮ್ನೆ ಕಾಲಾಡಿಸುವುದು. ಪ್ರತಿ ಸಲವೂ ಸೀಟಿನ ಮೇಲೆ ಕೂತೇ. ಎದ್ದು ತುಳಿದರೆ ಲೆಕ್ಕ ಬೇರೆಯಾಗುತ್ತದೆ.

ಮನೆಗೆ ಬಂದು ಟಾರ್ಕ್, ಕೇಡೆನ್ಸ್ ಗ್ರಾಫ್ ಹಾಕಿದರೆ ಚುಕ್ಕೆಗಳು ಹೆಚ್ಚುಕಮ್ಮಿ ನೇರ ಗೆರೆಯಲ್ಲಿ ಇಳಿಯುತ್ತವೆ. ಕೇಡೆನ್ಸ್ ಏರಿದಷ್ಟೂ ಟಾರ್ಕ್ ಕಮ್ಮಿ. ಪವರ್ ಅಂದರೆ ಎರಡರ ಗುಣಲಬ್ಧ, ಹಾಗಾಗಿ ಅದರ ತುದಿ ನಡುವೆ ಎಲ್ಲೋ ಇರುತ್ತದೆ. ನನಗೆ ಅದು 115 ಕೇಡೆನ್ಸ್‌ನಲ್ಲಿ, ಸುಮಾರು 1,050 ವಾಟ್. 90ರಲ್ಲೂ 140ರಲ್ಲೂ ಸಾವಿರದ ಹತ್ತಿರ.

ವ್ಯತ್ಯಾಸ 50 ವಾಟ್ ಅಷ್ಟೇ ಅನ್ನಬಹುದು. ಆದರೆ ಗಂಟೆಗೆ 55 ಕಿಮೀ ವೇಗದಲ್ಲಿ 53-11 ಹಾಕಿದರೆ ಕೇಡೆನ್ಸ್ ಸರಿಯಾಗಿ 90ಕ್ಕೆ ನಿಲ್ಲುತ್ತದೆ. ನಮ್ಮ ಗುಂಪಿನಲ್ಲಿ ಜಾಸ್ತಿ ಜನ ಅದರಲ್ಲೇ ಸ್ಪ್ರಿಂಟ್ ಶುರು ಮಾಡುತ್ತಾರೆ. 14ರಲ್ಲಿ ಅದೇ ವೇಗಕ್ಕೆ 115. ನಾನು ಅದರಲ್ಲಿ ಹೊರಟು, 60ರ ಹತ್ತಿರ 13ಕ್ಕೆ ಹಾಕುತ್ತೇನೆ.

ಇದೆಲ್ಲ ಕಾಲು ತಾಜಾ ಇದ್ದಾಗಿನ ಲೆಕ್ಕ. ಅದಕ್ಕೇ ಲಾಂಗ್ ರೈಡ್ ಮುಗಿಸಿ ಬರುವಾಗ ಅದೇ ರಸ್ತೆಯಲ್ಲಿ 14ರಲ್ಲಿ ಇನ್ನೊಂದು ಸ್ಪ್ರಿಂಟ್ ಹಾಕಿ ಬರೆದಿಡುತ್ತೇನೆ.