ಒಂದು ರೇಸ್, ಒಂದು ಕಾರು: 43ನೇ ನಂಬರಿನ ಮಾಡೆಲ್ ನಾನು ಕಟ್ಟಿದ್ದು ಹೀಗೆ

ಸ್ಟಾಕ್ ಕಾರ್ (ರಸ್ತೆಯ ಕಾರಿನ ರೂಪದ ರೇಸ್ ಕಾರು) ಮಾಡೆಲ್ ಹೇಗೆ ಶುರು ಮಾಡೋದು ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ. ಕಿಟ್ ಡಬ್ಬಿ ತೆರೆಯುವ ಮುಂಚೆ ಒಂದು ರೇಸ್ ಆರಿಸಿಕೊಳ್ಳಿ. ಸುಮ್ನೆ "ರಿಚರ್ಡ್ ಪೆಟ್ಟಿಯ ಕಾರು" ಅಂದರೆ ಸಾಲದು. ಪೆಟ್ಟಿ ನಾಸ್ಕಾರ್‌ನಲ್ಲಿ (ಅಮೆರಿಕದ ಸ್ಟಾಕ್ ಕಾರ್ ರೇಸ್ ಸರಣಿ) 1958ರಿಂದ 1992ರವರೆಗೆ ಓಡಿಸಿದವರು, 200 ರೇಸ್ ಗೆದ್ದವರು, 43 ಅಂದರೆ ಅವರ ಕಾರಿನ ನಂಬರ್. ಅಷ್ಟರಲ್ಲಿ ಕಾರಿನ ಕಂಪನಿ ಬದಲಾಯಿತು, ಬಣ್ಣ ಬದಲಾಯಿತು, ಮೈಮೇಲಿನ ಸ್ಟಿಕ್ಕರ್ ಅಂತೂ ವರ್ಷವರ್ಷಕ್ಕೂ ಬದಲಾಯಿತು. ಯಾವ ದಿನದ ಕಾರು ಅನ್ನೋದು ಗೊತ್ತಾಗಿಬಿಟ್ಟರೆ ಮಿಕ್ಕ ಪ್ರಶ್ನೆಗಳಿಗೆ ಉತ್ತರ ಎಲ್ಲಿ ಹುಡುಕಬೇಕು ಅಂತಲೂ ಗೊತ್ತಾಗುತ್ತದೆ.

ನಾನು ಆರಿಸಿಕೊಂಡಿದ್ದು 1979ರ ಫೆಬ್ರವರಿ 18ರ ಡೇಟೋನಾ 500, ಅಂದರೆ ಫ್ಲೋರಿಡಾದ ಡೇಟೋನಾ ಟ್ರ್ಯಾಕಿನ 500 ಮೈಲಿ ರೇಸ್. ಅಮೆರಿಕದ ಟಿವಿಯಲ್ಲಿ ಮೊದಲಿಂದ ಕೊನೆಯವರೆಗೆ ಲೈವ್ ಬಂದ ಮೊದಲ 500 ಮೈಲಿ ರೇಸ್ ಅದು. ಅವತ್ತು ಅರ್ಧ ದೇಶ ಹಿಮದಲ್ಲಿ ಸಿಕ್ಕಿಕೊಂಡಿತ್ತು, ಜನ ಮನೆಯಲ್ಲೇ ಕೂತು ನೋಡಿದರು. ಕೊನೆಯ ಲ್ಯಾಪಿನಲ್ಲಿ ಮುಂದಿದ್ದವರು ಡಾನಿ ಆಲಿಸನ್, ಹಿಂದೆಯೇ ಕೇಲ್ ಯಾರ್ಬರೊ. ಇಬ್ಬರೂ ಒಬ್ಬರಿಗೊಬ್ಬರು ಗುದ್ದಿಕೊಂಡು ಮೂರನೇ ತಿರುವಿನ ಗೋಡೆಗೆ ಹೊಡೆದು ಒಳಗಿನ ಹುಲ್ಲಿಗೆ ಜಾರಿದರು. ಅರ್ಧ ಲ್ಯಾಪ್ ಹಿಂದಿದ್ದ ಪೆಟ್ಟಿ, ಬೆನ್ನಿಗೆ ಅಂಟಿಕೊಂಡು ಬರುತ್ತಿದ್ದ ಡ್ಯಾರೆಲ್ ವಾಲ್ಟ್ರಿಪ್‌ಗೆ ಜಾಗ ಬಿಡದೆ ಗೆದ್ದರು. ಅತ್ತ ಹುಲ್ಲಿನ ಮೇಲೆ ಯಾರ್ಬರೊ ಮತ್ತು ಆಲಿಸನ್ ಅಣ್ಣತಮ್ಮಂದಿರ ಹೊಡೆದಾಟ! ಪೆಟ್ಟಿಗೆ ಹೊಟ್ಟೆಯ ಆಪರೇಷನ್ ಆಗಿ ಜಾಸ್ತಿ ದಿನ ಆಗಿರಲಿಲ್ಲ, ಓಡಿಸಬೇಡಿ ಅಂತ ಡಾಕ್ಟರು ಹೇಳಿದ್ದರು. ಇಷ್ಟು ಕಥೆ ಇರುವ ಕಾರನ್ನು ಕಟ್ಟದೆ ಇರೋದು ಹೇಗೆ?

ನನಗೆ ಈ ಹುಚ್ಚು ಹಿಡಿದಿದ್ದು ನಾರ್ತ್ ಕೆರೊಲಿನಾದ ಷಾರ್ಲಟ್‌ನಲ್ಲಿ. ಬ್ಯಾಂಕುಗಳ ಐಟಿ ಕೆಲಸಕ್ಕೆ ಅಂತ ಹೋದ ಕನ್ನಡದವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ, ನಾನೂ ಹಾಗೇ ಹೋದವನು. ಹೆಚ್ಚಿನ ರೇಸ್ ಟೀಮುಗಳ ವರ್ಕ್‌ಶಾಪ್‌ಗಳು ಆ ಊರಿನ ಸುತ್ತಮುತ್ತಲೇ ಇವೆ. ಊರ ಮಧ್ಯದಲ್ಲಿ ನಾಸ್ಕಾರ್ ಹಾಲ್ ಆಫ್ ಫೇಮ್ ಇದೆ. ಸುಮಾರು ಒಂದೂವರೆ ಗಂಟೆ ಕಾರಿನಲ್ಲಿ ಹೋದರೆ ಲೆವೆಲ್ ಕ್ರಾಸ್‌ನಲ್ಲಿ ಪೆಟ್ಟಿ ಮ್ಯೂಸಿಯಂ. ಎರಡೂ ಕಡೆ ಮನಸ್ಸು ತುಂಬುವಷ್ಟು ನೋಡಿದ್ದೇನೆ, ಫೋಟೊ ತೆಗೆದಿದ್ದೇನೆ. ಆದರೆ ಒಂದು ಮಾತು. ಮ್ಯೂಸಿಯಂನಲ್ಲಿ ನಿಂತಿರುವ ಹಳೆಯ ರೇಸ್ ಕಾರು ಎಷ್ಟೋ ಸಲ ಮತ್ತೆ ಬಣ್ಣ ಹೊಡೆಸಿಕೊಂಡು ನಿಂತಿರುತ್ತದೆ. ಹಾಗಾಗಿ ಕಾರಿನ ಆಕಾರಕ್ಕೆ ಮ್ಯೂಸಿಯಂ ನಂಬುತ್ತೇನೆ, ಸ್ಟಿಕ್ಕರ್ ಎಲ್ಲೆಲ್ಲಿ ಅನ್ನೋದಕ್ಕೆ ರೇಸಿನ ದಿನದ ಫೋಟೊ ಮತ್ತು ಟಿವಿ ದೃಶ್ಯ ಮಾತ್ರ.

ಅವತ್ತಿನ 43 ಓಲ್ಡ್ಸ್‌ಮೊಬಿಲ್. ಹಿಂದಿನ ವರ್ಷ ಸೀಸನ್ ಮಧ್ಯದಲ್ಲೇ ಪೆಟ್ಟಿ ಡಾಜ್ ಬಿಟ್ಟು ಜನರಲ್ ಮೋಟರ್ಸ್ ಕಡೆ ಬಂದಿದ್ದರು. ಈಗ ಸಾಲ್ವಿನೋಸ್ ಜೆಆರ್‌ನವರು ಆ ಕಾಲದ ಕಾರುಗಳ ಹೊಸ ಕಿಟ್ ಬಿಡುತ್ತಿರುವುದು ನಮ್ಮಂಥವರಿಗೆ ದೊಡ್ಡ ಉಪಕಾರ. ಅದಕ್ಕೆ ಮುಂಚೆ ಮಾನೊಗ್ರಾಮ್, ಎಎಂಟಿ, ಎಂಪಿಸಿ ಕಂಪನಿಗಳ ಹಳೆಯ ಡಬ್ಬಿಗಳನ್ನೇ ಹುಡುಕಬೇಕಿತ್ತು.

ಬಣ್ಣದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈ ಕಾರಿನ ಜೀವ ಇರುವುದೇ ಅಲ್ಲಿ. 1972ರಲ್ಲಿ ಎಸ್‌ಟಿಪಿ ಕಂಪನಿ ಪೆಟ್ಟಿಗೆ ಸ್ಪಾನ್ಸರ್ ಆಗಿ ಬಂದಾಗ ಕಾರು ಪೂರ್ತಿ ತಮ್ಮ ಕೆಂಪು ಬಣ್ಣದಲ್ಲಿರಲಿ ಅಂದರು. ಪೆಟ್ಟಿ ತಮ್ಮ ನೀಲಿ ಬಿಟ್ಟುಕೊಡಲಿಲ್ಲ. ಕೊನೆಗೆ ಎರಡೂ ಬಣ್ಣ ಸೇರಿದವು. ಆ ಕೆಂಪು ಮಾಮೂಲಿ ಕೆಂಪಲ್ಲ, ಕಣ್ಣಿಗೆ ಹೊಡೆಯುವ ಫ್ಲೋರೊಸೆಂಟ್ ಕೆಂಪು. ಇದರ ಗುಣ ಏನೆಂದರೆ ಕೆಳಗಿನ ಬಣ್ಣ ಮುಚ್ಚುವುದಿಲ್ಲ. ಬೂದು ಪ್ರೈಮರ್ ಮೇಲೆ ಹೊಡೆದರೆ ಮಂಕಾಗಿ ಕೂರುತ್ತದೆ. ಅದಕ್ಕೇ ಮೊದಲು ಬಿಳಿ ಪ್ರೈಮರ್, ಅದನ್ನು ನೆನೆಸಿದ ವಾಟರ್ ಪೇಪರ್‌ನಲ್ಲಿ ಹಗುರವಾಗಿ ಉಜ್ಜಿ ನಯ ಮಾಡಿ, ಆಮೇಲೆ ಕೆಂಪು ತೆಳ್ಳಗೆ ಹಲವು ಪದರ. ಅದು ಒಣಗಿದಾಗ ಸೀಮೆಸುಣ್ಣ ಬಳಿದ ಹಾಗೆ ಹೊಳಪೇ ಇಲ್ಲದೆ ಕಾಣುತ್ತದೆ. ಹೆದರಬೇಡಿ, ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಲೇಪ) ಹೊಡೆದ ಮೇಲೆ ಎದ್ದು ಬರುತ್ತದೆ.

ಕೆಂಪಿಗೆ ಟೇಪ್ ಹಾಕಿ ಮುಚ್ಚಿದ ಮೇಲೆ ನೀಲಿಯನ್ನು ನೇರವಾಗಿ ಹೊಡೆಯುವುದಿಲ್ಲ. ಮೊದಲು ಟೇಪಿನ ಅಂಚಿಗೆ ಒಂದು ತೆಳು ಕ್ಲಿಯರ್ ಕೊಡುತ್ತೇನೆ. ಸಂದಿಯಲ್ಲಿ ನುಗ್ಗುವುದಿದ್ದರೆ ಆ ಕ್ಲಿಯರ್ ನುಗ್ಗುತ್ತದೆ, ನೀಲಿ ನುಗ್ಗುವುದಿಲ್ಲ. ಟೇಪ್ ಎತ್ತಿದಾಗ ಗೆರೆ ಬ್ಲೇಡಿನಲ್ಲಿ ಕೊಯ್ದಂತೆ ನೆಟ್ಟಗೆ ಬರುತ್ತದೆ. ಪೆಟ್ಟಿ ನೀಲಿಯನ್ನು ನಾನೇ ಬೆರೆಸಿಕೊಂಡೆ. ಒಂದು ಕಾರಿಗೆ ಸಾಕಾಗುವಷ್ಟು ಬಿಳಿಯೂ ಇಲ್ಲ, ನೀಲಿಯೂ ಇಲ್ಲ ಅಂತ ಎರಡನ್ನೂ ಸೇರಿಸಿದಾಗ ಆ ಬಣ್ಣ ಹುಟ್ಟಿತು ಅಂತ ಹೇಳುತ್ತಾರೆ, ಹಾಗಾಗಿ ಬೆರೆಸುವುದೇ ಸರಿಯಾದ ದಾರಿ ಅಂತ ನನಗೂ ಅನ್ನಿಸಿತು. ಬಿಳಿಗೆ ನೀಲಿ ಹನಿಹನಿಯಾಗಿ ಹಾಕುತ್ತಾ ಪ್ಲಾಸ್ಟಿಕ್ ಚಮಚದ ಮೇಲೆ ಹೊಡೆದು, ಒಣಗಿದ ಮೇಲೆ ಬೆಳಗಿನ ಬೆಳಕಿನಲ್ಲಿ ನೋಡಿ. ಟ್ಯೂಬ್‌ಲೈಟ್ ಕೆಳಗೆ ನೋಡಿದ ನೀಲಿಯನ್ನು ನಂಬಬೇಡಿ.

ಈಗ ನಾನಿರುವುದು ಬೆಂಗಳೂರಿನಲ್ಲಿ. ಮಳೆಗಾಲದಲ್ಲಿ ಗಾಳಿ ತೇವವಾಗಿದ್ದಾಗ ಲ್ಯಾಕರ್ ಹೊಡೆದರೆ ಮೇಲೆ ಬಿಳಿ ಮಂಜು ಕಟ್ಟುತ್ತದೆ. ಅಂಥ ದಿನ ಸ್ಪ್ರೇ ಮುಟ್ಟುವುದಿಲ್ಲ, ಒಳಗಿನ ಚಿಕ್ಕಪುಟ್ಟ ಭಾಗಗಳಿಗೆ ಬ್ರಷ್ ಹಿಡಿಯುತ್ತೇನೆ. ಕಿಟಕಿ ತೆರೆದು, ಮುಖಕ್ಕೆ ಒಳ್ಳೆಯ ಮಾಸ್ಕ್ ಹಾಕಿಯೇ ಸ್ಪ್ರೇ ಮಾಡಿ. ಬಟ್ಟೆಯ ಮಾಸ್ಕ್ ಸಾಲದು.

ಡೀಕಲ್‌ಗೆ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಸ್ಟಿಕ್ಕರ್) ಬೆಚ್ಚಗಿನ ನೀರು, ಮೂಲೆಗಳಿಗೆ ಡೀಕಲ್ ಮೆತ್ತಗೆ ಮಾಡುವ ಮೈಕ್ರೋ ಸಾಲ್ ದ್ರವ, ತಾಳ್ಮೆ. ಹಳೆಯ ಕಿಟ್ಟಿನ ಡೀಕಲ್ ಹಳದಿ ಆಗಿದ್ದರೆ ಕವರ್‌ಗೆ ಹಾಕಿ ಬಿಸಿಲು ಬೀಳುವ ಕಿಟಕಿ ಗಾಜಿಗೆ ಅಂಟಿಸಿ ಕೆಲವು ದಿನ ಬಿಡಿ, ಹಳದಿ ಎಷ್ಟೋ ಇಳಿಯುತ್ತದೆ. ಆಮೇಲೆ ಕಾರನ್ನೇ ಬಿಸಿಲಲ್ಲಿ ಇಡಬೇಡಿ, ಫ್ಲೋರೊಸೆಂಟ್ ಬಣ್ಣ ಬಿಸಿಲಿಗೆ ಬೇಗ ಸೋಲುತ್ತದೆ.

ಒಳಗಡೆ ನನಗೆ ತುಂಬಾ ಇಷ್ಟವಾದ ಕೆಲಸ ಎಡ ಕಿಟಕಿಯ ನೆಟ್. 1970ರಲ್ಲಿ ಡಾರ್ಲಿಂಗ್ಟನ್‌ನಲ್ಲಿ ಪೆಟ್ಟಿಯ ಕಾರು ಪಲ್ಟಿ ಹೊಡೆದಾಗ ಅವರ ತಲೆ, ಕೈ ಕಿಟಕಿಯಿಂದ ಹೊರಗೆ ಜೋಲಾಡಿದವು. ಕಿಟಕಿಗೆ ನೆಟ್ ಬಂದದ್ದೇ ಅದಾದ ಮೇಲೆ. 43ರ ಮಾಡೆಲ್‌ಗೆ ನೆಟ್ ಹಾಕದೆ ಬಿಟ್ಟರೆ ಮನಸ್ಸು ಒಪ್ಪುತ್ತಾ? ಗಾಯಕ್ಕೆ ಹಾಕುವ ಬಟ್ಟೆ ಟೇಪನ್ನು ಒಂದು ಮಿಲಿಮೀಟರ್ ಅಗಲಕ್ಕೆ ಸೀಳಿ, ಬಣ್ಣ ಹಚ್ಚಿ, ಅಡ್ಡ ಉದ್ದ ಹೆಣೆದು ಕೂರಿಸಿದೆ.

ಎಂಜಿನ್ ಷೆವ್ರೊಲೆಯ ವಿ8. ಹೆಸರು ಓಲ್ಡ್ಸ್‌ಮೊಬಿಲ್ ಆದರೂ ಆಗ ಜನರಲ್ ಮೋಟರ್ಸ್‌ನ ಟೀಮುಗಳು ಹಾಕುತ್ತಿದ್ದುದು ಅದನ್ನೇ. ಪ್ಲಗ್ ವೈರ್‌ಗಳನ್ನು ಎಲ್ಲೆಂದರಲ್ಲಿ ಅಂಟಿಸದೆ ಫೈರಿಂಗ್ ಆರ್ಡರ್ (ಸಿಲಿಂಡರುಗಳು ಉರಿಯುವ ಸರದಿ) ಪ್ರಕಾರ ಜೋಡಿಸಿ: 1-8-4-3-6-5-7-2. ಡ್ರೈವರ್ ಕಡೆಯ ಸಾಲು ಮುಂದಿನಿಂದ 1, 3, 5, 7. ಆ ಕಡೆ 2, 4, 6, 8. ನಿಜವಾದ ವೈರ್ 8 ಮಿಲಿಮೀಟರ್ ದಪ್ಪ ಅಂದರೆ 1/25 ಅಳತೆಯಲ್ಲಿ 0.3ರ ಆಸುಪಾಸು. ಹಳೇ ಟ್ರಾನ್ಸ್‌ಫಾರ್ಮರ್‌ನ ತೆಳು ತಂತಿ ಇದಕ್ಕೆ ಸರಿಹೋಗುತ್ತದೆ, ಎಸ್‌ಪಿ ರೋಡಿನಲ್ಲಿ ಸಿಗದ ತಂತಿ ಇಲ್ಲವಲ್ಲ. ಬಾನೆಟ್ ಮುಚ್ಚಿದರೆ ಇದೆಲ್ಲ ಕಾಣುವುದಿಲ್ಲ ನಿಜ, ಆದರೂ ಸರಿಯಾಗಿರಬೇಕು. ಡ್ಯಾಶ್‌ಬೋರ್ಡಿನಲ್ಲಿ ಸ್ಪೀಡೋಮೀಟರ್ ಇಡಬೇಡಿ. ಈ ಕಾರುಗಳಿಗೆ ಅದು ಇಲ್ಲ, ಇರುವುದು ಆರ್‌ಪಿಎಂ ಮೀಟರ್.

ಟೈರಿನ ಮೇಲ್ಮೈಯನ್ನು ವಾಟರ್ ಪೇಪರ್‌ನಲ್ಲಿ ಉಜ್ಜಿ ಹೊಸತನ ತೆಗೆಯಿರಿ. ಓವಲ್‌ನಲ್ಲಿ (ಮೊಟ್ಟೆಯಾಕಾರದ ಟ್ರ್ಯಾಕ್) ಬರೀ ಎಡಕ್ಕೇ ತಿರುಗುವುದರಿಂದ ಭಾರ ಬಲಕ್ಕೆ ಬೀಳುತ್ತದೆ, ಬಲಗಡೆಯ ಟೈರುಗಳನ್ನು ಸ್ವಲ್ಪ ಜಾಸ್ತಿ ಉಜ್ಜುತ್ತೇನೆ. ನಿಲ್ಲಿಸುವ ಹಲಗೆಯನ್ನು 31 ಡಿಗ್ರಿ ಓರೆಗೆ ಕತ್ತರಿಸಿದೆ. ಡೇಟೋನಾದ ತಿರುವುಗಳ ಇಳಿಜಾರು ಅಷ್ಟೇ. ಕಾರನ್ನು ಅದರ ಮೇಲೆ ಇಟ್ಟಾಗಲೇ ಆ ಇಳಿಜಾರು ಎಷ್ಟು ಭಯಂಕರ ಅಂತ ತಿಳಿಯುವುದು. ಅಂಟು ಹಾಕದಿದ್ದರೆ ಮಾಡೆಲ್ ಜಾರುತ್ತದೆ!

ಈಗಿನ ರೇಸುಗಳನ್ನೂ ಬಿಡದೆ ನೋಡುತ್ತೇನೆ. ಫೆಬ್ರವರಿಯಲ್ಲಿ ಡೇಟೋನಾದ ಭಾನುವಾರ ಮಧ್ಯಾಹ್ನ ಎರಡೂವರೆ ಅಂದರೆ ನಮಗೆ ಭಾನುವಾರ ರಾತ್ರಿ ಕಳೆದು ಸೋಮವಾರ ಬೆಳಗಿನ ಜಾವ ಒಂದು ಗಂಟೆ. ನೋಡುವಾಗ ಕಣ್ಣು ಕಾರಿನ ಮೇಲೇ ಇರುತ್ತದೆ. 2022ರಲ್ಲಿ ಬಂದ ಹೊಸ ಕಾರಿಗೆ ಐದು ನಟ್‌ಗಳ ಬದಲು ಮಧ್ಯದಲ್ಲಿ ಒಂದೇ ನಟ್, 15 ಇಂಚಿನ ಬದಲು 18 ಇಂಚಿನ ಚಕ್ರ, ಬಾಗಿಲ ಮೇಲಿನ ನಂಬರ್ ಮುಂದಿನ ಚಕ್ರದ ಕಡೆ ಸರಿದಿದೆ. ಹಳೆಯ ಕಿಟ್‌ಗೆ ಹೊಸ ಡೀಕಲ್ ಅಂಟಿಸಿದರೆ ಈಗಿನ ಕಾರು ಆಗುವುದಿಲ್ಲ. ಪಿಟ್ ಸ್ಟಾಪ್ (ರೇಸಿನ ನಡುವೆ ಟೈರ್, ಪೆಟ್ರೋಲ್‌ಗೆ ನಿಲ್ಲುವುದು) ಮಾಡೆಲ್ ಮಾಡುವ ಆಸೆ ಇದ್ದರೆ ಮೊದಲು ಎತ್ತುವುದು ಬಲಬದಿಯನ್ನು, ಪೆಟ್ರೋಲ್ ಹಾಕುವುದು ಎಡಬದಿಯಿಂದ ಅನ್ನೋದು ನೆನಪಿರಲಿ.

ಮೇಜಿನ ಮೇಲೆ ಮುಂದಿನ ಡಬ್ಬಿ ಆಗಲೇ ಬಂದು ಕೂತಿದೆ. 1970ರ ಪ್ಲಿಮತ್ ಸೂಪರ್‌ಬರ್ಡ್, ಚೂಪು ಮೂಗು, ಹಿಂದೆ ಎತ್ತರದ ರೆಕ್ಕೆ. ಎಲ್ಲರೂ ಅದನ್ನು 43 ಮಾಡುತ್ತಾರೆ. ನಾನು 40 ಮಾಡುತ್ತೇನೆ. ಆ ವರ್ಷದ ಡೇಟೋನಾ 500 ಗೆದ್ದದ್ದು ಪೆಟ್ಟಿಯ ಟೀಮಿನ ಪೀಟ್ ಹ್ಯಾಮಿಲ್ಟನ್, ಆ ಕಾರಿನಲ್ಲಿ. ಮೂಗು ಬಾನೆಟ್ಟಿಗೆ ಸೇರುವ ಜಾಗದ ಒಳ್ಳೆಯ ಫೋಟೊ ಸಿಕ್ಕಿದ ಕೂಡಲೇ ಶುರು.