ಅರ್ಧ ಮಿಲಿಮೀಟರಿನ ಬೆನ್ನು ಹತ್ತಿ: ನಾನೇ ಮಾಡಿಕೊಂಡ ಪೆಡಲ್ ಸ್ಟೀಲ್ ಗಿಟಾರ್

ಪೆಡಲ್ ಸ್ಟೀಲ್ ನೋಡಿದವರಿಗೆ ಅದು ಗಿಟಾರ್ ಅಂತ ಅನ್ನಿಸುವುದೇ ಇಲ್ಲ. ನಾಲ್ಕು ಕಾಲಿನ ಮೇಲೆ ನಿಂತ ಉದ್ದನೆಯ ಪೆಟ್ಟಿಗೆ, ಮೇಲೆ ಹತ್ತು ತಂತಿ, ಪಾದದ ಹತ್ತಿರ ಪೆಡಲ್‌ಗಳು, ಮೊಣಕಾಲಿಗೆ ತಾಗುವ ಲಿವರ್‌ಗಳು. ನಮ್ಮ ಮನೆಗೆ ಬಂದವರೊಬ್ಬರು ನನ್ನದನ್ನು ಹೊಲಿಗೆ ಮಿಷನ್ ಅಂದುಕೊಂಡಿದ್ದರು. ತಪ್ಪೇನಿಲ್ಲ. ಬಗ್ಗಿ ಕೆಳಗಿನಿಂದ ನೋಡಿದರೆ ಇದು ವಾದ್ಯಕ್ಕಿಂತ ಮಿಷನ್ನೇ ಜಾಸ್ತಿ. ನನಗೆ ಮರಗೆಲಸ ಮೂರು ವಾರದಲ್ಲಿ ಮುಗಿಯಿತು, ಲೋಹದ ಕೆಲಸಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು.

ಇದರ ಮೋಡಿ ಇಷ್ಟೇ: ಎಡಗೈಯಲ್ಲಿ ಹಿಡಿದು ತಂತಿಗಳ ಮೇಲೆ ಇಡುವ ಉಕ್ಕಿನ ಬಾರ್ ಇದ್ದಲ್ಲೇ ಇರುತ್ತದೆ, ಪೆಡಲ್ ಒತ್ತಿದರೆ ಒಂದೆರಡು ತಂತಿ ಮಾತ್ರ ಜಾರಿ ಮೇಲಿನ ಸ್ವರಕ್ಕೆ ಹೋಗುತ್ತವೆ. ಉಳಿದವು ಕದಲುವುದಿಲ್ಲ. 1954ರಲ್ಲಿ ಹೊರಬಂದ, ಅಮೆರಿಕದ ಕಂಟ್ರಿ ಗಾಯಕ ವೆಬ್ ಪಿಯರ್ಸ್ ಅವರ ಹಾಡೊಂದಕ್ಕೆ ಸ್ಟೀಲ್ ವಾದಕ ಬಡ್ ಐಸಾಕ್ಸ್ ಹೀಗೆ, ತಂತಿ ಇನ್ನೂ ನುಡಿಯುತ್ತಿರುವಾಗಲೇ ಪೆಡಲ್ ಒತ್ತಿ ನುಡಿಸಿದ್ದರು. ಅದನ್ನು ಕೇಳಿ ಎಷ್ಟೋ ಸ್ಟೀಲ್ ವಾದಕರು ತಮ್ಮ ವಾದ್ಯಕ್ಕೂ ಪೆಡಲ್ ಬೇಕು ಅಂದರು. ನಾನೂ ಅದೇ ಹುಚ್ಚಿಗೆ ಬಿದ್ದವನು, ಬಹಳ ತಡವಾಗಿ.

ನಾನು ಆರಿಸಿಕೊಂಡದ್ದು ಇ-ನೈನ್ತ್ ಶ್ರುತಿ (ಹತ್ತು ತಂತಿಗಳನ್ನು ಇ ಸ್ವರದ ಸುತ್ತ ಹೊಂದಿಸುವ ಒಂದು ಕ್ರಮ), ಮೂರು ಪೆಡಲ್, ನಾಲ್ಕು ಲಿವರ್. ಬಿ, ಸಿ ಶಾರ್ಪ್ ಇವೆಲ್ಲ ಪಾಶ್ಚಾತ್ಯ ಸ್ವರಗಳ ಹೆಸರು. ಮೊದಲ ಪೆಡಲ್ 5 ಮತ್ತು 10ನೇ ತಂತಿಗಳನ್ನು ಬಿ-ಯಿಂದ ಸಿ ಶಾರ್ಪ್‌ಗೆ ಏರಿಸುತ್ತದೆ. ಎರಡನೆಯದು 3 ಮತ್ತು 6ನೇ ತಂತಿಗಳನ್ನು ಜಿ ಶಾರ್ಪ್‌ನಿಂದ ಎ-ಗೆ ಏರಿಸುತ್ತದೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಇ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಇದ್ದದ್ದು ಎ ಮೇಜರ್ ಆಗುತ್ತದೆ.

ಕೆಲಸ ಶುರು ಮಾಡುವ ಮೊದಲು ಕಾಗದದ ಮೇಲೆ ಒಂದು ಲೆಕ್ಕ ಹಾಕಿದೆ. 5ನೇ ತಂತಿ ಬಿ-ಯಿಂದ ಸಿ ಶಾರ್ಪ್‌ಗೆ ಹೋಗಲು ಎಷ್ಟು ಹಿಗ್ಗಬೇಕು? ಉತ್ತರ ಬಂದದ್ದು ಮುಕ್ಕಾಲು ಮಿಲಿಮೀಟರಿಗೂ ಕಡಿಮೆ. ಅರ್ಧ ಸ್ವರದ ಬದಲಾವಣೆಗಳಿಗೆ ಅರ್ಧ ಮಿಲಿಮೀಟರ್ ಆಸುಪಾಸು. ನಂಬಿಕೆ ಬರದೆ ಇನ್ನೊಮ್ಮೆ ಲೆಕ್ಕ ಹಾಕಿದೆ. ಕಾಲು ಒತ್ತುವ ಅಷ್ಟು ದೂರ, ಸರಳು, ಕ್ರ್ಯಾಂಕ್ (ಸರಳನ್ನು ಎಳೆಯುವ ತಿರುಗು ತೋಳು), ಸ್ಪ್ರಿಂಗ್ ಎಲ್ಲ ಸೇರಿ ಕೊನೆಗೆ ತಂತಿಯ ತುದಿಯಲ್ಲಿ ಆಗುವುದು ಇಷ್ಟೇ. ಹಾಗಾದರೆ ಎಲ್ಲಾದರೂ ಕೂದಲೆಳೆಯಷ್ಟು ಸಡಿಲವಿದ್ದರೂ ಕಿವಿಗೆ ಗೊತ್ತಾಗುತ್ತದೆ, ಅಲ್ವಾ? ಗೊತ್ತಾಯಿತು.

ಪೆಟ್ಟಿಗೆಗೆ ಗಟ್ಟಿ ಮೇಪಲ್ ಬಳಸಿದೆ. ಹತ್ತು ತಂತಿಗಳ ಎಳೆತ ಒಟ್ಟು ನೂರು ಕಿಲೋಗಿಂತ ಜಾಸ್ತಿ, ಮೆತ್ತನೆಯ ಮರ ಬಾಗುತ್ತದೆ. ನುಡಿಯುವ ತಂತಿಯ ಉದ್ದ 616 ಮಿಲಿಮೀಟರ್, ಅಂದರೆ 24 ಕಾಲು ಇಂಚು. ಇದರಲ್ಲಿ ಫ್ರೆಟ್ (ಗಿಟಾರಿನಲ್ಲಿ ಸ್ವರದ ಜಾಗ ತೋರಿಸುವ ಲೋಹದ ಪಟ್ಟಿ) ಇಲ್ಲ, ಬರೀ ಗೆರೆಗಳು. ಉಳಿದ ಉದ್ದವನ್ನು ಪ್ರತಿ ಸಲ 17.817ರಿಂದ ಭಾಗಿಸುತ್ತಾ ಹೋಗಬೇಕು. ಮೊದಲ ಗೆರೆ 34.57 ಮಿಮೀಗೆ, ಹನ್ನೆರಡನೆಯದು ಸರಿಯಾಗಿ 308ಕ್ಕೆ. ಎಲ್ಲ ಗೆರೆಗಳನ್ನೂ ನಟ್‌ನಿಂದಲೇ ಅಳೆಯಿರಿ. ಒಂದರಿಂದ ಇನ್ನೊಂದಕ್ಕೆ ಅಳೆಯುತ್ತಾ ಹೋದರೆ ತಪ್ಪುಗಳು ಕೂಡುತ್ತಾ ಹೋಗುತ್ತವೆ. (ನಟ್ ಅಂದರೆ ಬೋಲ್ಟಿನ ನಟ್ ಅಲ್ಲ, ತಲೆಯ ಕಡೆ ತಂತಿ ಕೂರುವ ಜಾಗ.) ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಮಾತ್ರ ಕೊಂಡುಕೊಂಡೆ. ಅದರ ಸುರುಳಿ ಸುತ್ತುವುದು ಬೇರೆಯೇ ಕಸುಬು.

ಇನ್ನು ಚೇಂಜರ್, ಅಂದರೆ ಪೆಡಲ್, ಲಿವರ್ ಒತ್ತಿದಾಗ ತಂತಿಯನ್ನು ಬಿಗಿ ಅಥವಾ ಸಡಿಲ ಮಾಡುವ ಭಾಗ. ಇದೇ ವಾದ್ಯದ ಹೃದಯ, ನನ್ನ ನಿದ್ದೆ ಕೆಡಿಸಿದ್ದೂ ಇದೇ. ಒಂದು ಉಕ್ಕಿನ ಅಚ್ಚಿನ (ಆಕ್ಸಲ್) ಮೇಲೆ ಹತ್ತು ಅಲ್ಯೂಮಿನಿಯಂ ಬೆರಳುಗಳು ಪಕ್ಕಪಕ್ಕ ಕೂತಿರುತ್ತವೆ. ಪ್ರತಿ ಬೆರಳಿನ ದುಂಡನೆಯ ನೆತ್ತಿಯ ಮೇಲೆ ಒಂದು ತಂತಿ. ಬೆರಳಿಗೆ ಏರಿಸುವ ತುಂಡು ಬೇರೆ, ಇಳಿಸುವ ತುಂಡು ಬೇರೆ. ಎರಡನ್ನೂ ಕತ್ತರಿಯ ಹಾಗೆ ರಿವೆಟ್ ಹಾಕಿ ಸೇರಿಸಿರುತ್ತಾರೆ. ಇಳಿಸುವ ತುಂಡನ್ನು ಒಂದು ಸ್ಪ್ರಿಂಗ್ ಹಿಡಿದಿಟ್ಟುಕೊಂಡಿರುತ್ತದೆ. ಆ ಸ್ಪ್ರಿಂಗ್ ಸೋತರೆ ತಂತಿಯನ್ನು ಏರಿಸುವಾಗ ಇಳಿಸುವ ತುಂಡೂ ಜೊತೆಗೆ ಅಲುಗಿ ಸ್ವರ ನಿಲ್ಲುವುದಿಲ್ಲ. ತೀರಾ ಬಿಗಿಯಾದರೆ ಸ್ವರ ಇಳಿಸುವ ಲಿವರ್ ಒತ್ತಲು ಮೊಣಕಾಲು ನೋಯುತ್ತದೆ. ಹತ್ತು ತಂತಿಗೂ ಒಂದೇ ಬಿಗಿಯ ಸ್ಪ್ರಿಂಗ್‌ಗಳು ಸಾಕು ಅಂದುಕೊಂಡಿದ್ದೆ. ಸಾಲಲಿಲ್ಲ.

ಬುದ್ಧಿವಂತಿಕೆ ತೋರಿಸಲು ಹೋಗಿ ಹತ್ತು ತುಂಡುಗಳನ್ನೂ ಒಟ್ಟಿಗೆ ಕಟ್ಟಿ ಅಚ್ಚಿನ ತೂತನ್ನು ಒಂದೇ ಸಲ ಕೊರೆದೆ. ಎಂಟು ಸೆಂಟಿಮೀಟರ್ ಆಳ. ಡ್ರಿಲ್ ಒಳಗೆ ಹೋಗುತ್ತಾ ಓರೆಯಾಯಿತು. ಮೊದಲ ಬೆರಳಿಗೂ ಹತ್ತನೆಯದಕ್ಕೂ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ವ್ಯತ್ಯಾಸ. ಇಡೀ ಸೆಟ್ ಗುಜರಿಗೆ ಹೋಯಿತು. ಎರಡನೇ ಸಲ ಒಂದು ಜಿಗ್ (ತುಂಡನ್ನು ಒಂದೇ ಜಾಗದಲ್ಲಿ ಹಿಡಿದಿಡುವ ಚೌಕಟ್ಟು) ಮಾಡಿಕೊಂಡು ಒಂದೊಂದನ್ನೇ ಕೊರೆದೆ. ತೂತನ್ನು ಸ್ವಲ್ಪ ಚಿಕ್ಕದಾಗಿ ಕೊರೆದು ಆಮೇಲೆ ಸರಿಯಾದ ಅಳತೆಗೆ ತರಲು ರೀಮರ್ ಹಾಕಿದೆ. ಬೆರಳು ತನ್ನ ಭಾರಕ್ಕೇ ಮೆಲ್ಲಗೆ ತಿರುಗಬೇಕು, ಆದರೆ ಅಕ್ಕಪಕ್ಕ ಅಲುಗಬಾರದು. ಆ ಹದ ಸಿಕ್ಕಾಗ ಸುಮ್ನೆ ಹತ್ತು ನಿಮಿಷ ಅದನ್ನೇ ತಿರುಗಿಸುತ್ತಾ ಕೂತಿದ್ದೆ.

ಎಲ್ಲ ಜೋಡಿಸಿ ತಂತಿ ಹಾಕಿದ ಮೇಲೆ ನಿಜವಾದ ತಲೆನೋವು ಶುರುವಾಯಿತು. 6ನೇ ತಂತಿಯನ್ನು ಏರಿಸಿ ಬಿಟ್ಟರೆ ಶ್ರುತಿ ಸ್ವಲ್ಪ ಕೆಳಗೆ ನಿಲ್ಲುತ್ತಿತ್ತು. ಇಳಿಸಿ ಬಿಟ್ಟರೆ ಸ್ವಲ್ಪ ಮೇಲೆ. ನಾನು ಚೇಂಜರನ್ನೇ ಅನುಮಾನಿಸಿ ಮೂರು ಸಲ ಬಿಚ್ಚಿದೆ. ಸ್ಪ್ರಿಂಗ್ ಬದಲಿಸಿದೆ, ಎಣ್ಣೆ ಹಾಕಿದೆ, ಬೈದೆ. ಎರಡು ತಿಂಗಳಾದ ಮೇಲೆ ಹೊಳೆಯಿತು, ತಪ್ಪು ಇನ್ನೊಂದು ತುದಿಯಲ್ಲಿತ್ತು. ನಟ್‌ನಲ್ಲಿ ಪ್ರತಿ ತಂತಿಗೂ ಒಂದು ಪುಟ್ಟ ರೋಲರ್ ಇರುತ್ತದೆ. ನನ್ನ 6ನೇ ರೋಲರ್ ತಿರುಗುತ್ತಲೇ ಇರಲಿಲ್ಲ. ಏರಿಸುವಾಗ ನಟ್‌ನ ಆಚೆಯಿಂದ ಒಂದಿಷ್ಟು ತಂತಿ ಈಚೆಗೆ ಜಾರುತ್ತದೆ, ಬಿಟ್ಟಾಗ ಅಷ್ಟೂ ವಾಪಸ್ ಹೋಗುವುದಿಲ್ಲ. ಅದಕ್ಕೇ ಸಡಿಲ. ಇಳಿಸಿದಾಗ ಇದರ ಉಲ್ಟಾ. ನಿಮ್ಮ ವಾದ್ಯವೂ ಹೀಗೆ ಎರಡೂ ಕಡೆ ತಪ್ಪುತ್ತಿದ್ದರೆ ಚೇಂಜರ್ ಮುಟ್ಟುವ ಮೊದಲು ನಟ್ ನೋಡಿ. ರೋಲರಿನ ಕಂಡಿಯಲ್ಲಿದ್ದ ಚೂರು ಅಂಚನ್ನು ಉಜ್ಜಿ ತೆಗೆದೆ. ಐದು ನಿಮಿಷದ ಕೆಲಸ.

ಆಮೇಲೆ ಪೆಟ್ಟಿಗೆ ಬಾಗುವ ಸಮಸ್ಯೆ. ಎರಡು ಪೆಡಲ್ ಒತ್ತಿದಾಗ ನಾಲ್ಕು ತಂತಿಗಳ ಎಳೆತ ಏರುತ್ತದೆ, ಮರ ಒಂದಿಷ್ಟು ಮಣಿಯುತ್ತದೆ, ಮುಟ್ಟದೇ ಇದ್ದ 4ನೇ ತಂತಿಯ ಶ್ರುತಿಯೂ ಇಳಿಯುತ್ತದೆ. ನನ್ನದರಲ್ಲಿ ಮೊದಲು 11 ಸೆಂಟ್ ಇಳಿಯುತ್ತಿತ್ತು. ಅರ್ಧ ಸ್ವರಕ್ಕೆ ನೂರು ಸೆಂಟ್ ಅಂದರೆ ಇದೇನೂ ಸಣ್ಣದಲ್ಲ. ಚೇಂಜರ್ ಕೂರುವ ಜಾಗವನ್ನು ಮತ್ತೆ ಸಮತಟ್ಟು ಮಾಡಿ, ಅದನ್ನು ಪಕ್ಕದ ಲೋಹದ ತಟ್ಟೆಗೆ ಬ್ರಾಕೆಟ್ ಹಾಕಿ ಬಿಗಿದೆ. ಈಗ 4 ಸೆಂಟ್. ಪೂರ್ತಿ ಹೋಗುವುದಿಲ್ಲ, ನಾನೂ ಬಿಟ್ಟುಬಿಟ್ಟೆ.

ಸರಳುಗಳನ್ನು ಹೊಂದಿಸುವುದು ತಾಳ್ಮೆಯ ಆಟ. ಕ್ರ್ಯಾಂಕಿನಲ್ಲಿ ಸರಳನ್ನು ಅಚ್ಚಿನಿಂದ ದೂರದ ತೂತಿಗೆ ಹಾಕಿದರೆ ಎಳೆತದ ದೂರ ಜಾಸ್ತಿ, ಆದರೆ ಪೆಡಲ್ ಗಟ್ಟಿಯಾಗುತ್ತದೆ. ಮೊದಲ ಪೆಡಲ್ 5 ಮತ್ತು 10ನೇ ತಂತಿ ಎರಡನ್ನೂ ಎಳೆಯುತ್ತದೆ. ಎರಡೂ ಒಟ್ಟಿಗೆ ಹೊರಟು ಒಟ್ಟಿಗೆ ಮುಟ್ಟಬೇಕು. ಒಂದು ಮುಂಚೆ ಹೊರಟರೆ ಆ ಜಾರಿಕೆಯ ಮಧ್ಯದಲ್ಲಿ ಕರ್ಕಶವಾಗಿ ಕೇಳುತ್ತದೆ. ನೆಲದ ಮೇಲೆ ಅಂಗಾತ ಮಲಗಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ತೂತು ಬದಲಿಸುತ್ತಾ ಎಷ್ಟು ಭಾನುವಾರ ಕಳೆದೆನೋ.

3ನೇ ತಂತಿಯನ್ನು ಮಾತ್ರ ಯಾರೂ ಪಳಗಿಸಲಾರರು. 0.011 ಇಂಚಿನ ಆ ಸಣ್ಣ ತಂತಿ ಜಿ ಶಾರ್ಪ್‌ನಲ್ಲೇ ತನ್ನ ಶಕ್ತಿಯ ತುದಿಯ ಹತ್ತಿರ ಇರುತ್ತದೆ, ಎರಡನೇ ಪೆಡಲ್ ಅದನ್ನು ಇನ್ನೂ ಎಳೆಯುತ್ತದೆ. ಬೆರಳಿನ ನೆತ್ತಿಯ ಮೇಲೆ ಪದೇ ಪದೇ ಬಾಗುವ ಜಾಗದಲ್ಲೇ ತುಂಡಾಗುತ್ತದೆ. ನೆತ್ತಿಗೆ ನುಣುಪಾಗಿ ಪಾಲಿಶ್ ಮಾಡಿದ ಮೇಲೆ ಬಾಳಿಕೆ ಹೆಚ್ಚಿದೆ, ಆದರೂ ಡ್ರಾಯರ್‌ನಲ್ಲಿ ಒಂದು ಡಜನ್ ಇಟ್ಟಿರುತ್ತೇನೆ.

ಈಗ ಬಾಕಿ ಇರುವುದು ಬಲ ಮೊಣಕಾಲಿನ ಲಿವರ್. ಅದು 2ನೇ ತಂತಿಯನ್ನು ಡಿ ಶಾರ್ಪ್‌ನಿಂದ ಮೊದಲು ಡಿ-ಗೆ, ಇನ್ನೂ ಒತ್ತಿದರೆ ಸಿ ಶಾರ್ಪ್‌ಗೆ ಇಳಿಸಬೇಕು. ನಡುವೆ ಡಿ ಬಂದಾಗ ಕಾಲಿಗೆ ಒಂದು ಸಣ್ಣ ತಡೆ ಸಿಗಬೇಕು. ಸದ್ಯಕ್ಕೆ ನನ್ನ ಲಿವರ್ ಒಮ್ಮೊಮ್ಮೆ ಅಲ್ಲಿ ನಿಲ್ಲುತ್ತದೆ, ಒಮ್ಮೊಮ್ಮೆ ಸೀದಾ ಕೆಳಗೆ ಹೋಗಿಬಿಡುತ್ತದೆ. ಮುಂದಿನ ಭಾನುವಾರ ಬೇರೆ ಸ್ಪ್ರಿಂಗ್ ಹಾಕಿ ನೋಡಬೇಕು.