ನಾಲ್ಕು ನಾಣ್ಯ, ಒಂದು ಮಳೆ ಪುಸ್ತಕ: ಮಾಹಿತಿಯನ್ನು ಮನೆಯಲ್ಲೇ ಅಳೆಯುವುದು ಹೇಗೆ

ಒಂದು ರೂಪಾಯಿಯ ನಾಲ್ಕು ನಾಣ್ಯ ತಗೊಳ್ಳಿ. ಎರಡೂ ಕಡೆ ಮಾರ್ಕರ್ ಪೆನ್ನಿನಲ್ಲಿ 1, 2, 3, 4 ಅಂತ ಬರೆಯಿರಿ. ಒಂದು ಊಟದ ತಟ್ಟೆ, ಒಂದು ನೋಟ್‌ಬುಕ್, ಜೊತೆಗೆ ಆಡೋಕೆ ಮನೆಯವರು ಯಾರಾದರೂ ಒಬ್ಬರು ಬೇಕು. ಇಷ್ಟಿದ್ದರೆ ವಿಜ್ಞಾನದವರು ‘ಮಾಹಿತಿ’ ಅಂತ ಯಾವುದನ್ನು ಕರೆಯುತ್ತಾರೋ ಅದನ್ನು ಅಳೆದೇ ನೋಡಬಹುದು. ಹಾಲಿಗೆ ಲೀಟರ್, ಮಳೆಗೆ ಇಂಚು ಇದ್ದ ಹಾಗೆ ಮಾಹಿತಿಗೂ ಒಂದು ಅಳತೆ ಇದೆ. ಅದರ ಹೆಸರು ಬಿಟ್.

ನಾನು ಇದನ್ನು ಪಿಯುಸಿ ಓದುತ್ತಿರುವ ಅಕ್ಕನ ಮಗಳ ಜೊತೆ ಮೂಡಿಗೆರೆ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಮಾಡಿದ್ದು, ಮಳೆಗಾಲದಲ್ಲಿ, ಕರೆಂಟ್ ಇಲ್ಲದ ಮೂರು ಸಂಜೆ. ನಿಮಗೂ ಅಷ್ಟೇ ಸಾಕು.

ನಾಣ್ಯಗಳನ್ನು ಎಸೆಯಿರಿ, ಯಾರಿಗೂ ಕಾಣದ ಹಾಗೆ ತಟ್ಟೆ ಮುಚ್ಚಿ. ಸಿಂಹ ಮೇಲಿದ್ದರೆ ಅಂಗಾತ, ಕೆಳಗಿದ್ದರೆ ಬೋರಲು. ಎದುರಿಗೆ ಕೂತವರು ‘ಹೌದು’ ಅಥವಾ ‘ಇಲ್ಲ’ ಅಂತ ಉತ್ತರ ಬರುವ ಪ್ರಶ್ನೆಗಳನ್ನು ಮಾತ್ರ ಕೇಳಬೇಕು. ಒಂದನೆಯದು ಅಂಗಾತವಾ? ಎರಡನೆಯದು? ಹೀಗೆ ನಾಲ್ಕು ಪ್ರಶ್ನೆಗೆ ತಟ್ಟೆ ಕೆಳಗಿನದೆಲ್ಲ ಗೊತ್ತಾಗುತ್ತದೆ. ನಾಲ್ಕು ನಾಣ್ಯ ಒಟ್ಟು 16 ರೀತಿ ಬೀಳಬಹುದು, ಒಂದೊಂದು ಪ್ರಶ್ನೆಯೂ ಉಳಿದಿದ್ದನ್ನು ಸರಿಯಾಗಿ ಅರ್ಧ ಮಾಡುತ್ತದೆ: 16, 8, 4, 2, 1. ಹಾಗಾಗಿ ತಟ್ಟೆ ಕೆಳಗೆ 4 ಬಿಟ್ ಮಾಹಿತಿ ಇದೆ. ಸರಿಯಾಗಿ ಅರ್ಧಕ್ಕೆ ಸೀಳುವ ಒಂದು ಪ್ರಶ್ನೆಯ ಉತ್ತರ ಅಂದರೆ ಒಂದು ಬಿಟ್. ಈ ಲೆಕ್ಕವನ್ನು ಪೂರ್ತಿ ಗಣಿತ ಮಾಡಿ ಕೊಟ್ಟಿದ್ದು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಕ್ಲಾಡ್ ಶಾನನ್, 1948ರಲ್ಲಿ. ‘ಬಿಟ್’ ಅನ್ನೋ ಪದ ಜಾನ್ ಟ್ಯೂಕಿ ಸೂಚಿಸಿದ್ದು ಅಂತ ಶಾನನ್ ಆ ಲೇಖನದಲ್ಲೇ ಹೇಳಿದ್ದಾರೆ.

ಈಗ ಇದನ್ನೇ ಚೌಕಾಬಾರದ ಹಾಗೆ ಆಡಿ. ಯಾವ ನಾಣ್ಯ ಅನ್ನೋದು ಬೇಡ, ಎಷ್ಟು ಅಂಗಾತ ಅನ್ನೋದಷ್ಟೇ ಲೆಕ್ಕ. ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಉಳಿದಿದ್ದು ಒಂದು, ಎರಡು, ಮೂರು. ಈಗ ತಟ್ಟೆ ಕೆಳಗಿನ ಗರ ಕಂಡುಹಿಡಿಯೋಕೆ ಎಷ್ಟು ಪ್ರಶ್ನೆ ಬೇಕು? ಐದು ಸಾಧ್ಯತೆ ಇವೆ, ಆದರೆ ಐದೂ ಸಮ ಅಲ್ಲ. ನೋಟ್‌ಬುಕ್ಕಿನಲ್ಲಿ 16 ರೀತಿಯನ್ನೂ ಬರೆದು ಎಣಿಸಿ: ಬಾರ ಬೀಳೋಕೆ ಒಂದೇ ದಾರಿ, ಒಂದು ಬೀಳೋಕೆ 4, ಎರಡಕ್ಕೆ 6, ಮೂರಕ್ಕೆ 4, ಚೌಕಕ್ಕೆ ಮತ್ತೆ ಒಂದೇ. ಹಾಗಾಗಿ ಮೊದಲ ಪ್ರಶ್ನೆ ‘ಒಂದು ಅಥವಾ ಎರಡಾ?’ ಅಂತ ಇರಲಿ. ಹೌದು ಅಂದರೆ ‘ಎರಡಾ?’ ಅಂತ ಕೇಳಿ ಮುಗಿಸಿ. ಇಲ್ಲ ಅಂದರೆ ‘ಮೂರಾ?’ ಅಂತ ಕೇಳಿ. ಅದೂ ಇಲ್ಲ ಅಂದರೆ ಮಾತ್ರ ‘ಚೌಕವಾ?’ 64 ಸಲ ಆಡಿ, ಪ್ರತಿ ಸಲ ಎಷ್ಟು ಪ್ರಶ್ನೆ ಆಯಿತು ಅಂತ ಗೀಟು ಹಾಕಿ. ಮೊದಲಿನ ಆಟದಲ್ಲಿ 64 ಸಲಕ್ಕೆ 256 ಪ್ರಶ್ನೆ ಆಗುತ್ತಿತ್ತು. ಇಲ್ಲಿ ಸುಮಾರು 136ಕ್ಕೆ ಮುಗಿಯುತ್ತದೆ, ಅಂದರೆ ಒಂದು ಗರಕ್ಕೆ ಎರಡಕ್ಕಿಂತ ಸ್ವಲ್ಪ ಜಾಸ್ತಿ. ಶಾನನ್ ಸೂತ್ರದ ಪ್ರಕಾರ ಇದಕ್ಕಿಂತ ಎಷ್ಟು ಜಾಣತನ ಮಾಡಿದರೂ ಸರಾಸರಿ 2.03ರ ಕೆಳಗೆ ಹೋಗೋಕೆ ಆಗಲ್ಲ.

ಕವಡೆ ಅಥವಾ ಉಜ್ಜಿದ ಹುಣಸೆ ಬೀಜದಲ್ಲೇ ಆಡಬೇಕು ಅನ್ನೋ ಆಸೆ ಇದ್ದರೆ ಆಡಿ, ಆದರೆ ಅವು ಎರಡೂ ಕಡೆಗೆ ಸಮವಾಗಿ ಬೀಳಲ್ಲ. ಮೊದಲು ಒಂದೇ ಕವಡೆಯನ್ನು 100 ಸಲ ಎಸೆದು ಎಣಿಸಿ. 60 ಸಲ ಅಂಗಾತ ಬಿದ್ದರೆ ಅದರ ಒಂದು ಎಸೆತದಲ್ಲಿ ಇರೋದು 0.97 ಬಿಟ್. 90 ಸಲ ಬಿದ್ದರೆ 0.47 ಮಾತ್ರ. ಏನು ಬೀಳುತ್ತೆ ಅಂತ ಮೊದಲೇ ಅಂದಾಜು ಇದ್ದಷ್ಟೂ ಅದು ಬಿದ್ದಾಗ ನಮಗೆ ಸಿಗುವ ಮಾಹಿತಿ ಕಡಿಮೆ. ಇಡೀ ವಿಷಯದ ತಿರುಳು ಇಲ್ಲೇ ಇದೆ.

ಇದನ್ನು ನಮಗೆ ಸರಿಯಾಗಿ ಅರ್ಥ ಮಾಡಿಸಿದ್ದು ಅಪ್ಪನ ಮಳೆ ಪುಸ್ತಕ. ತೋಟ ಇರುವ ಮನೆಗಳಲ್ಲಿ ನೋಡಿರ್ತೀರಿ, ಬೆಳಿಗ್ಗೆ ಎದ್ದು ಮಳೆಮಾಪಕದ ನೀರು ಅಳೆದು ಇಂಚು, ಸೆಂಟ್ ಅಂತ ಬರೆದಿಡುತ್ತಾರೆ. ಅಪ್ಪನ ಪುಸ್ತಕದಲ್ಲಿ ಜುಲೈ ಪುಟಗಳೆಲ್ಲ ಒಂದೇ ತರ, ಸಾಲು ಸಾಲು ಅಂಕಿ. ಎಲ್ಲೋ ಒಂದು ದಿನ ಮಳೆ ಬಿಡುವು ಕೊಟ್ಟರೆ ಅಲ್ಲಿ ಕೆಂಪು ಶಾಯಿಯಲ್ಲಿ ‘ಬಿಸಿಲು’ ಅಂತ ಬರೆದು ಕೆಳಗೆ ಎರಡು ಗೆರೆ. ಫೆಬ್ರವರಿ ಪುಟದಲ್ಲಿ ಇದು ಉಲ್ಟಾ. ಖಾಲಿ, ಖಾಲಿ, ಖಾಲಿ, ಆಮೇಲೆ ಒಂದು ದಿನ ಕೆಂಪಿನಲ್ಲಿ ಮಳೆ. ಯಾವುದು ಸುದ್ದಿ ಅಂತ ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

ಲೆಕ್ಕ ಹೀಗೆ ಮಾಡಿ. ಒಂದು ಘಟನೆ ಎಷ್ಟರಲ್ಲಿ ಒಂದು ಸಲ ಆಗುತ್ತದೋ ಆ ಸಂಖ್ಯೆಯನ್ನು ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಹಾಕಿ ಲಾಗ್ ಒತ್ತಿ, ಬಂದಿದ್ದನ್ನು 0.301ರಿಂದ ಭಾಗಿಸಿ. ಜುಲೈನ 31 ದಿನದಲ್ಲಿ 30 ದಿನ ಮಳೆ ಅಂತ ಇಟ್ಟುಕೊಳ್ಳಿ. ‘ಇವತ್ತು ಮಳೆ’ ಅನ್ನೋ ಮಾತಿಗೆ 31ನ್ನು 30ರಿಂದ ಭಾಗಿಸಿ ಲಾಗ್ ತಗೊಂಡರೆ 0.05 ಬಿಟ್ಟೂ ಬರಲ್ಲ. ‘ಇವತ್ತು ಬಿಸಿಲು’ ಅನ್ನೋದು 31ರಲ್ಲಿ ಒಂದು, ಅದಕ್ಕೆ 4.95 ಬಿಟ್. ಫೆಬ್ರವರಿಯಲ್ಲಿ 28ಕ್ಕೆ ಒಂದೇ ದಿನ ಮಳೆ ಬಂದರೆ ಆ ಮಳೆ 4.8 ಬಿಟ್. ಅದೇ ಏಪ್ರಿಲ್‌ನಲ್ಲಿ ಬರುತ್ತೋ ಇಲ್ವೋ ಅನ್ನೋದು ಅರ್ಧಕ್ಕರ್ಧ ಆಗಿದ್ದರೆ ಪ್ರತಿ ದಿನವೂ ಪೂರ್ತಿ ಒಂದು ಬಿಟ್, ತಿಂಗಳಿಗೆ 30. ಜುಲೈ ತಿಂಗಳ ಮಳೆ-ಬಿಸಿಲಿನ ಕಥೆ ಪೂರ್ತಿ ಸೇರಿಸಿದರೂ ಸುಮಾರು 6 ಬಿಟ್. ‘29ನೇ ತಾರೀಖು ಬಿಟ್ಟು ದಿನಾ ಮಳೆ’ ಅಂತ ಒಂದೇ ಸಾಲಿನಲ್ಲಿ ಮುಗಿಸಬಹುದಲ್ವಾ, ಅದಕ್ಕೇ. ಮೊಬೈಲಿನಲ್ಲಿ ಫೈಲ್ ಜಿಪ್ ಮಾಡಿದರೆ ಚಿಕ್ಕದಾಗೋದೂ ಈ ಕಾರಣಕ್ಕೇ. ಒಂದು ಎಚ್ಚರಿಕೆ: ನಿನ್ನೆ ಮಳೆ ಬಂದಿದ್ದರೆ ಇವತ್ತೂ ಬರುವ ಸಾಧ್ಯತೆ ಜಾಸ್ತಿ, ಆದ್ದರಿಂದ ನಿಜವಾದ ಲೆಕ್ಕ ನಾನು ಕೊಟ್ಟಿದ್ದಕ್ಕಿಂತ ಇನ್ನೂ ಸ್ವಲ್ಪ ಕಡಿಮೆ ಬರುತ್ತದೆ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಬಿಟ್ ಅನ್ನೋದು ಅರ್ಥವನ್ನು ಅಳೆಯಲ್ಲ, ಬೆಲೆಯನ್ನೂ ಅಳೆಯಲ್ಲ. ಹೌದೋ ಇಲ್ವೋ ಅನ್ನೋದು ಅರ್ಧಕ್ಕರ್ಧ ಇದ್ದಾಗ ಹೆಣ್ಣಿನ ಕಡೆಯವರು ‘ಒಪ್ಪಿಗೆ’ ಅಂದರೂ ನಾಣ್ಯ ಅಂಗಾತ ಬಿದ್ದರೂ ಒಂದೊಂದೇ ಬಿಟ್. ಶಾನನ್ ಅರ್ಥವನ್ನು ಬೇಕಂತಲೇ ಪಕ್ಕಕ್ಕಿಟ್ಟರು. ಹಾಗೆ ಇಟ್ಟಿದ್ದಕ್ಕೇ ಫೋನು, ಫೋಟೋ, ಹಾಡು, ಡಿಎನ್‌ಎ ಎಲ್ಲವನ್ನೂ ಒಂದೇ ಕೋಲಿನಲ್ಲಿ ಅಳೆಯೋಕೆ ಆಯಿತು. ಡಿಎನ್‌ಎಯಲ್ಲಿ ನಾಲ್ಕು ಅಕ್ಷರ, ಒಂದಕ್ಕೆ ಹೆಚ್ಚೆಂದರೆ 2 ಬಿಟ್. ಮನುಷ್ಯನ ಜೀನೋಮ್‌ನಲ್ಲಿ ಸುಮಾರು 300 ಕೋಟಿ ಅಕ್ಷರ, ಅಂದರೆ 600 ಕೋಟಿ ಬಿಟ್, 8 ಬಿಟ್‌ಗೆ ಒಂದು ಬೈಟ್ ಲೆಕ್ಕದಲ್ಲಿ, ಮೊಬೈಲ್ ಭಾಷೆಯಲ್ಲಿ ಸುಮಾರು 750 ಎಂಬಿ. ನನಗಂತೂ ಈ ಸಂಖ್ಯೆ ನೋಡಿದಾಗಲೆಲ್ಲ ಮೈ ಜುಂ ಅನ್ನುತ್ತದೆ.

ಎರಡನೇ ಸಂಜೆಗೆ ಅಕ್ಷರದ ಆಟ. ದಿನಪತ್ರಿಕೆಯ ಒಂದು ಸಾಲು ಆರಿಸಿ, ಮೇಲೆ ರಟ್ಟು ಇಟ್ಟು ಒಂದೊಂದೇ ಅಕ್ಷರ ತೋರಿಸುತ್ತಾ ಮುಂದಿನದು ಯಾವುದು ಅಂತ ಊಹಿಸೋಕೆ ಹೇಳಿ, ಎಷ್ಟನೇ ಊಹೆಗೆ ಸರಿ ಬಂತು ಅಂತ ಬರೆದಿಡಿ. ‘ಚಿ’ ಬಂದಾಗ ಯಾರಿಗೂ ಏನೂ ಗೊತ್ತಾಗಲ್ಲ. ‘ಚಿಕ್ಕ’ ಬಂದಾಗ ಚಿಕ್ಕಪ್ಪ, ಚಿಕ್ಕಮ್ಮ, ಚಿಕ್ಕಬಳ್ಳಾಪುರ ಎಲ್ಲ ಸಾಲಾಗಿ ನಿಲ್ಲುತ್ತವೆ. ‘ಚಿಕ್ಕಮಗ’ ಅನ್ನುವಾಗ ಮಗನಾ, ಮಗಳಾ, ಊರಾ ಅನ್ನೋ ಅನುಮಾನ ಇನ್ನೂ ಇದೆ. ‘ಳೂ’ ಅಂತ ದೀರ್ಘ ಕಂಡ ತಕ್ಷಣ ಮುಗೀತು, ‘ರು’ ತೋರಿಸುವ ಅಗತ್ಯವೇ ಇಲ್ಲ. ಆ ‘ರು’ದಲ್ಲಿ ಮಾಹಿತಿ ಹೆಚ್ಚುಕಡಿಮೆ ಸೊನ್ನೆ. ಶಾನನ್ 1951ರಲ್ಲಿ ಇಂಗ್ಲಿಷಿಗೆ ಇದೇ ತರ ಊಹೆಯ ಪ್ರಯೋಗ ಮಾಡಿ, ದೊಡ್ಡ ವಾಕ್ಯಗಳಲ್ಲಿ ಒಂದು ಅಕ್ಷರಕ್ಕೆ ಸುಮಾರು ಒಂದು ಬಿಟ್ ಅಷ್ಟೇ ಅಂತ ತೋರಿಸಿದರು.

ಹಾಗಂತ ‘ರು’ ದಂಡ ಅಂದುಕೊಳ್ಳಬೇಡಿ. ಘಾಟಿಯಲ್ಲಿ ಸಿಗ್ನಲ್ ಕಡಿದು ಕಡಿದು ಬರುವಾಗ ‘ಹದಿನೈದು, ಒಂದು ಐದು’ ಅಂತ ಎರಡೆರಡು ಸಲ ಹೇಳ್ತೀವಿ ತಾನೇ, ಅದೇ ಕೆಲಸ ಇದು ಮಾಡೋದು. ಬೇಕಾದರೆ ಐದನೇ ನಾಣ್ಯ ಸೇರಿಸಿ ನೋಡಿ. ನಾಲ್ಕು ನಾಣ್ಯ ಬಿದ್ದ ಮೇಲೆ, ಒಟ್ಟು ಸಿಂಹಗಳು ಸಮಸಂಖ್ಯೆ ಆಗುವ ಹಾಗೆ ಐದನೆಯದನ್ನು ಕೈಯಿಂದ ಇಡಿ. ನೀವು ಆಚೆ ಹೋದಾಗ ಯಾರಾದರೂ ಒಂದು ನಾಣ್ಯ ತಿರುವಿದ್ದರೆ ವಾಪಸ್ ಬಂದು ಎಣಿಸಿದ ತಕ್ಷಣ ಗೊತ್ತಾಗುತ್ತದೆ. ಯಾವ ನಾಣ್ಯ ಅಂತಲೂ ಹೇಳಬೇಕು ಅಂದರೆ ನಾಲ್ಕಕ್ಕೆ ಮೂರು ಹೆಚ್ಚಿನ ನಾಣ್ಯ ಬೇಕು, ಆ ಉಪಾಯ ರಿಚರ್ಡ್ ಹ್ಯಾಮಿಂಗ್ ಅವರದು, 1950ರದ್ದು. ದೂರಕ್ಕೆ ಸಂದೇಶ ಕಳಿಸುವವರಿಗೂ ಇಂಥ ಉಪಾಯಗಳು ಬೇಕು. ಹಾಸನದಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ, ಎಂಸಿಎಫ್, 1982ರಿಂದ ಇದೆ. ಅಲ್ಲಿಂದ ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳನ್ನು ನೋಡಿಕೊಳ್ಳುತ್ತಾರೆ. ಬೆಳಕಿನ ವೇಗದಲ್ಲಿ ಹೋದರೂ ಒಂದು ಆದೇಶ ಮೇಲೆ ಮುಟ್ಟೋಕೆ 0.12 ಸೆಕೆಂಡ್, ಉತ್ತರ ಬರೋಕೆ ಇನ್ನಷ್ಟೇ. ಮಾಹಿತಿ ಸುಮ್ನೆ ಗಾಳಿಯಲ್ಲಿ ತೇಲಿ ಹೋಗಲ್ಲ, ಅದನ್ನು ಹೊತ್ತೊಯ್ಯೋಕೆ ರೇಡಿಯೋ ಅಲೆಯೋ, ಶಾಯಿಯೋ, ನಾಣ್ಯವೋ ಏನಾದರೂ ಬೇಕೇ ಬೇಕು.

ಭೌತಶಾಸ್ತ್ರ ಒಳಗೆ ಬರೋದು ಇಲ್ಲಿಂದ. ಚೌಕಾಬಾರದ ಪುಟಕ್ಕೆ ವಾಪಸ್ ಹೋಗಿ. ‘ಎರಡು ಬಿತ್ತು’ ಅಂತ ಯಾರೋ ಕೂಗಿದರು, ಆದರೆ ಯಾವ ಎರಡು ಅಂತ ಹೇಳಲಿಲ್ಲ. ಆ ಮಾತಿನ ಹಿಂದೆ 6 ರೀತಿ ಅಡಗಿವೆ, ‘ಚೌಕ’ದ ಹಿಂದೆ ಒಂದೇ. ಬಿಸಿ ಕಾಫಿ ಲೋಟದ ಕಥೆಯೂ ಹೀಗೇ. ‘60 ಡಿಗ್ರಿ ಇದೆ’ ಅಂತೀವಿ, ಒಳಗಿನ ಒಂದೊಂದು ಅಣು ಎಲ್ಲಿದೆ, ಎಷ್ಟು ವೇಗದಲ್ಲಿದೆ ಅನ್ನೋದು ಗೊತ್ತಿಲ್ಲ. ಅದೇ 60 ಡಿಗ್ರಿ ಬರುವ ಹಾಗೆ ಅಣುಗಳು ಎಷ್ಟು ರೀತಿ ಇರಬಹುದೋ ಆ ಸಂಖ್ಯೆಯ ಲಾಗ್ ತಗೊಂಡು ಒಂದು ಸ್ಥಿರಾಂಕದಿಂದ ಗುಣಿಸಿದರೆ ಬರೋದೇ ಎಂಟ್ರೊಪಿ. ವಿಯೆನ್ನಾದಲ್ಲಿ ಭೌತವಿಜ್ಞಾನಿ ಬೋಲ್ಟ್ಸ್‌ಮನ್ ಸಮಾಧಿಯ ಮೇಲೆ ಈ ಸೂತ್ರವನ್ನೇ ಕೆತ್ತಿದ್ದಾರೆ. ಎಂಟ್ರೊಪಿ ಅಂದರೆ ‘ಅವ್ಯವಸ್ಥೆ’ ಅಂತ ಪಾಠದಲ್ಲಿ ಹೇಳಿಕೊಡ್ತಾರೆ, ನನಗೆ ಆ ಪದ ಹಿಡಿಸಲ್ಲ, ಅದರಿಂದ ಗೊಂದಲವೇ ಜಾಸ್ತಿ. ‘ನಮಗೆ ಸಿಗದೆ ಉಳಿದ ಮಾಹಿತಿ’ ಅಂತ ಓದಿ ನೋಡಿ, ಎಷ್ಟೋ ಲೆಕ್ಕ ಸಲೀಸಾಗುತ್ತವೆ.

ಇದು ಬರೀ ಮಾತಿನ ಚಮತ್ಕಾರ ಅಲ್ಲ ಅಂತ ತಿಳಿಯೋಕೆ ನೂರು ವರ್ಷದ ಮೇಲೆ ಹಿಡಿಯಿತು. 1867ರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಒಂದು ಕಲ್ಪನೆ ಕಟ್ಟಿದರು. ಗಾಳಿ ತುಂಬಿದ ಪೆಟ್ಟಿಗೆ, ನಡುವೆ ಗೋಡೆ, ಗೋಡೆಗೆ ಚಿಕ್ಕ ಬಾಗಿಲು, ಬಾಗಿಲಲ್ಲಿ ತೋಟದ ಗೇಟು ಕಾಯುವವನ ಹಾಗೆ ಒಬ್ಬ ಪುಟ್ಟ ಕಾವಲುಗಾರ. ವೇಗದ ಅಣು ಬಂದರೆ ಈ ಕಡೆ ಬಿಡ್ತಾನೆ, ನಿಧಾನದ್ದು ಬಂದರೆ ಆ ಕಡೆ. ಸ್ವಲ್ಪ ಹೊತ್ತಿಗೆ ಒಂದು ಕಡೆ ಬಿಸಿ, ಇನ್ನೊಂದು ಕಡೆ ತಣ್ಣಗೆ, ಖರ್ಚೇ ಇಲ್ಲದೆ! ಹಾಗೆ ಆಗೋಕೆ ಸಾಧ್ಯವಿಲ್ಲ, ಆದರೆ ತಪ್ಪು ಎಲ್ಲಿದೆ? 1929ರಲ್ಲಿ ಲಿಯೋ ಸಿಲಾರ್ಡ್ ಕಾವಲುಗಾರ ಮಾಹಿತಿ ಪಡೆಯೋದರ ಕಡೆ ಬೆರಳು ತೋರಿಸಿದರು. 1961ರಲ್ಲಿ ಐಬಿಎಂನ ರಾಲ್ಫ್ ಲ್ಯಾಂಡೌವರ್, ಒಂದು ಬಿಟ್ ಅಳಿಸಿದರೆ ಇಂತಿಷ್ಟು ಶಾಖ ಹೊರಗೆ ಬರಲೇಬೇಕು ಅಂದರು. 1982ರಲ್ಲಿ ಚಾರ್ಲ್ಸ್ ಬೆನೆಟ್ ಎರಡನ್ನೂ ಜೋಡಿಸಿದರು. ಕಾವಲುಗಾರನ ನೋಟ್‌ಬುಕ್ ಒಂದಲ್ಲ ಒಂದು ದಿನ ತುಂಬುತ್ತದೆ, ಅಳಿಸಬೇಕಾಗುತ್ತದೆ, ಉಳಿಸಿದ್ದೆಲ್ಲ ಆಗ ಖರ್ಚಾಗಿ ಹೋಗುತ್ತದೆ.

ಅಳಿಸೋದು ಅಂದರೆ ಏನು ಅಂತ ನಾಣ್ಯದಲ್ಲೇ ಮಾಡಿ ನೋಡಿ. ತಟ್ಟೆ ತೆಗೆದು, ಬಿದ್ದಿದ್ದು ಹೇಗೇ ಇರಲಿ, ನಾಲ್ಕನ್ನೂ ಬೋರಲು ಮಾಡಿ. ಈಗ ನಾಣ್ಯ ನೋಡಿ ಮೊದಲು ಹೇಗಿತ್ತು ಅಂತ ಹೇಳೋಕೆ ಆಗುತ್ತಾ? ಆಗಲ್ಲ. 16 ದಾರಿ ಒಂದೇ ಜಾಗಕ್ಕೆ ಬಂದು ಸೇರಿಬಿಟ್ಟವು. ಹಾಗೆ ಸೇರಿಸೋದಕ್ಕೇ ಬೆಲೆ ತೆರಬೇಕು. ನಮ್ಮ ಕೋಣೆಯ ಉಷ್ಣತೆಯಲ್ಲಿ ಒಂದು ಬಿಟ್‌ಗೆ ಕನಿಷ್ಠ ಎಷ್ಟು ಜೂಲ್ ಅಂದರೆ, ದಶಮಾಂಶ ಬಿಂದು ಹಾಕಿ 20 ಸೊನ್ನೆ ಬರೆದು ಆಮೇಲೆ 29 ಬರೆಯಿರಿ, ಅಷ್ಟು. ಮೊಬೈಲ್ ಬಿಸಿಯಾಗೋದು ಇದರಿಂದ ಅಂದುಕೊಳ್ಳಬೇಡಿ, ಆ ಬಿಸಿ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಆದರೂ 2012ರಲ್ಲಿ ಫ್ರಾನ್ಸ್‌ನ ಲಿಯಾನ್‌ನಲ್ಲಿ ಒಂದು ತಂಡ ಲೇಸರ್ ಬೆಳಕಿನಲ್ಲಿ ಹಿಡಿದಿಟ್ಟ ಗಾಜಿನ ಪುಟ್ಟ ಮಣಿಯನ್ನೇ ಒಂದು ಬಿಟ್ ಮಾಡಿಕೊಂಡು ಅಳಿಸಿ, ಆ ಶಾಖವನ್ನು ಅಳೆಯಿತು. ನಿಧಾನವಾಗಿ ಅಳಿಸಿದಷ್ಟೂ ಶಾಖ ಲ್ಯಾಂಡೌವರ್ ಹೇಳಿದ ಗೆರೆಗೆ ಹತ್ತಿರ ಬಂತು.

ಮೂರನೇ ದಿನಕ್ಕೆ, ಮಳೆ ಬಿಡುವು ಕೊಟ್ಟರೆ, ಬೇಲೂರು ತಾಲ್ಲೂಕಿನ ಹಲ್ಮಿಡಿಗೆ ಹೋಗಿ. ಸುಮಾರು ಕ್ರಿ.ಶ. 450ರ ಕನ್ನಡ ಶಾಸನ ಸಿಕ್ಕಿದ ಊರು ಅದು, 16 ಸಾಲಿನ ಶಾಸನ. ಮೂಲ ಕಲ್ಲು ಈಗ ಅಲ್ಲಿಲ್ಲ, ಊರಲ್ಲಿರೋದು ಪ್ರತಿಕೃತಿ. ಕಲ್ಲು ಬೇರೆಯಾದರೂ ಸಾಲು ಅವೇ, ಬಿಟ್ ಲೆಕ್ಕವೂ ಅದೇ. ಇವತ್ತಿನ ಲಿಪಿಗೆ ತಂದ ಶಾಸನಪಾಠ ಇತಿಹಾಸದ ಪುಸ್ತಕಗಳಲ್ಲಿ ಸಿಗುತ್ತದೆ, ಅದರಿಂದ ಒಂದು ಸಾಲು ಬರೆದುಕೊಂಡು ಬನ್ನಿ. ಸಂಜೆ ಅದರ ಮೇಲೂ ರಟ್ಟು ಇಟ್ಟು ಅಕ್ಷರದ ಆಟ ಆಡಿ. ಊಹೆ ಮೇಲೆ ಊಹೆ ತಪ್ಪುತ್ತದೆ, ಯಾಕೆಂದರೆ ಆ ಕಾಲದ ಕನ್ನಡದಲ್ಲಿ ಯಾವುದರ ಹಿಂದೆ ಯಾವುದು ಬರುತ್ತೆ ಅನ್ನೋ ರೂಢಿ ನಮಗಿಲ್ಲ. ಅದನ್ನು ಕೆತ್ತಿಸಿದವರು ಸಲೀಸಾಗಿ ಊಹಿಸುತ್ತಿದ್ದ ಅಕ್ಷರಕ್ಕೆ ನಮಗೆ ಮೂರು, ನಾಲ್ಕು ಪ್ರಶ್ನೆ ಬೇಕಾಗಬಹುದು. ಪ್ರತಿ ಅಕ್ಷರಕ್ಕೂ ಎಷ್ಟು ಸಲ ತಪ್ಪಿತು ಅಂತ ಬರೆದಿಡಿ, ‘ಚಿಕ್ಕಮಗಳೂರು’ ಬರೆದ ಪುಟದ ಎದುರು ಪುಟದಲ್ಲೇ.